ಬದುಕಿದ್ದೇನೆ, ದಯವಿಟ್ಟು ಅಳಿಸಿ

ಭಾನುವಾರ, ಊಟವಾದ ಮೇಲೆ

ನಮ್ಮನೆಯವರಿಗೆ,

ಎರಡು ಮನೆಯಾಗಿ ಇಷ್ಟು ವರ್ಷವಾದರೂ ನಿಮ್ಮನ್ನು ಕರೆಯಲು ನನಗೆ ಬೇರೆ ಪದ ಸಿಕ್ಕಿಲ್ಲ, ಅದಕ್ಕೇ ಇದನ್ನೇ ಬರೆದಿದ್ದೇನೆ. ಮೊದಲನೆಯ ಮಾತು: ನಾನು ಬದುಕಿದ್ದೇನೆ. ನಿಂತು ಓದುತ್ತಿದ್ದರೆ ಕೂತುಕೊಳ್ಳಿ. ರಿಪೇರಿಗೆಂದು ಯಾವುದಾದರೂ ಲಿಫ್ಟಿನ ನೆತ್ತಿಯ ಮೇಲೆ ಹತ್ತಿ ಕೂತು ಓದುತ್ತಿದ್ದರೆ ಮೊದಲು ಇಳಿಯಿರಿ. ಲಕೋಟೆಯ ಹಿಂದೆ ಬೇಕೆಂದೇ ನನ್ನ ಹೆಸರು ಹಾಕಲಿಲ್ಲ, ನಮ್ಮ ಹಲ್ಲಿನ ಲ್ಯಾಬಿನ ಮೊಹರು ಒತ್ತಿದ್ದೇನೆ. ಸತ್ತವಳ ಹೆಸರು ನೋಡಿ ನೀವು ಎದೆ ಹಿಡಿದುಕೊಂಡರೆ ಆ ಪಾಪವೂ ನನ್ನ ತಲೆಗೇ ಬರುತ್ತದೆ. ಅನುಮಾನವಿದ್ದರೆ ಅಕ್ಷರ ನೋಡಿ. ನಿಮ್ಮ ಹಾಗೆ ಕಾಗೆಕಾಲು ಗುಬ್ಬಿಕಾಲು ಬರೆಯುವವರು ಇದನ್ನು ನಕಲು ಮಾಡಲಾರರು.

ನಾನು ಈ ಪತ್ರ ಬರೆಯುತ್ತಿರುವುದು ಒಂದೇ ಕಾರಣಕ್ಕೆ. ನೀವು ಒಂದು ಗುಂಡಿ ಒತ್ತಬೇಕು. ಅಷ್ಟೆ. ಬೇರೆ ಏನನ್ನೂ ಕೇಳುವುದಿಲ್ಲ, ಹಳೆಯದನ್ನು ಕೆದಕುವುದಿಲ್ಲ, ಯಾಕೆ ಹೋದಿರಿ, ಯಾಕೆ ಬರಲಿಲ್ಲ ಎಂಬ ಮಾತೇ ಇಲ್ಲ. ಗುಂಡಿ ಒತ್ತುವುದು, ಒತ್ತಿದರೆ ಕೆಲಸ ಮಾಡುತ್ತದೋ ಇಲ್ಲವೋ ನೋಡುವುದು ನಿಮ್ಮ ಕಸುಬೇ ತಾನೆ. ಆದರೆ ತಿಂಗಳು ಮುಗಿಯುವುದರೊಳಗೆ ಒತ್ತಬೇಕು. ಇಲ್ಲದಿದ್ದರೆ ನಾನು ಶಾಶ್ವತವಾಗಿ ಸತ್ತ ಹಾಗೆಯೇ ಲೆಕ್ಕ. ತಲೆಬುಡ ಅರ್ಥವಾಗದಿದ್ದರೆ ಸಿಟ್ಟಾಗಬೇಡಿ, ಮೊದಲಿನಿಂದ ಹೇಳುತ್ತೇನೆ.

ನಾನು ಲ್ಯಾಬ್ ಬಿಡುತ್ತಿದ್ದೇನೆ. ಮಾಲೀಕರು ಓಡಿಸಲಿಲ್ಲ, ನಾನೇ ಹೇಳಿದೆ. ಇಷ್ಟು ವರ್ಷ ನಾನು ಕೈಯಾರೆ ಕಟ್ಟಿದ ಹಲ್ಲಿನ ಸೆಟ್ಟುಗಳು ಅವರ ಹೆಸರಿನ ಡಬ್ಬಿಯಲ್ಲಿ ಹೋದವು. ಯಾರೋ ಅಜ್ಜಿ ಹೊಸ ಸೆಟ್ ಹಾಕಿಕೊಂಡು ಕನ್ನಡಿಯ ಮುಂದೆ ನಕ್ಕರೆ ಅದರ ಹೊಗಳಿಕೆ ಅವರಿಗೆ, ಯಾರಿಗಾದರೂ ವಸಡು ಒತ್ತಿದರೆ ಬೈಗುಳ ನನಗೆ. ಸಾಕಾಯಿತು. ಸ್ಟೇಷನರಿ ಅಂಗಡಿಯ ಮೇಲೆ ಒಂದು ಕೋಣೆ ಸಿಕ್ಕಿದೆ. ಬೀದಿಯ ಕಡೆ ದೊಡ್ಡ ಕಿಟಕಿ, ಹಲ್ಲಿನ ಬಣ್ಣ ಹೊಂದಿಸಲು ಬೇಕಾದ ಬೆಳಕು ಧಾರಾಳ. ಮೇಜು ಹಾಕಿಸಿದ್ದೇನೆ, ಪಾಲಿಶ್ ಯಂತ್ರ ಕೂರಿಸಿದ್ದೇನೆ, ಪ್ಲಾಸ್ಟರ್ ಕಲಸುವ ರಬ್ಬರ್ ಬಟ್ಟಲುಗಳನ್ನು ಗೋಡೆಗೆ ಸಾಲಾಗಿ ನೇತುಹಾಕಿದ್ದೇನೆ. ಇಬ್ಬರು ದಂತವೈದ್ಯರು ಕೆಲಸ ಕೊಡುತ್ತೇವೆ ಎಂದು ಮಾತು ಕೊಟ್ಟಿದ್ದಾರೆ. ಆದರೆ ಆರ್ಡರೆಲ್ಲ ಅವರು ದಿನವೂ ಬಳಸುವ ಸಂದೇಶದ ಆ್ಯಪಿನಲ್ಲೇ ಬರಬೇಕಂತೆ. ಈಗ ದವಡೆಯ ಅಚ್ಚಿನ ಜೊತೆ ಚೀಟಿ ಕಟ್ಟಿ ಕಳಿಸುವವರು ಯಾರೂ ಇಲ್ಲ. ಬಾಯಿಯ ಫೋಟೋ, ಹಲ್ಲಿನ ಬಣ್ಣ, ಎಲ್ಲಿ ಸವೆಸಬೇಕು, ಎಲ್ಲವೂ ಅದರಲ್ಲೇ. ಅದಕ್ಕೆ ನನ್ನ ಹೆಸರಿನಲ್ಲಿ ವ್ಯಾಪಾರದ ಅಕೌಂಟ್ ಒಂದು ಬೇಕು.

ತೆರೆಯಲು ಕೂತೆ. ಹೆಸರು ಹಾಕಿದೆ, ಮುಖ ತೋರಿಸಿದೆ. ನಿಮ್ಮ ಹೆಸರಿನಲ್ಲಿ ನಮ್ಮ ಬಳಿ ಈಗಾಗಲೇ ಒಂದು ಅಕೌಂಟ್ ಇದೆ, ಅದನ್ನು ಅಳಿಸಿ ಆಮೇಲೆ ಬನ್ನಿ ಎಂದಿತು. ಜೊತೆಗೆ ನಮ್ಮ ಮದುವೆಯ ಫೋಟೋ ತೋರಿಸಿ, ಇದು ನೀವೇನಾ ಎಂದು ಬೇರೆ ಕೇಳಿತು.

ನಿಮಗೆ ನೆನಪಿರಬೇಕು. ಮದುವೆಯಾದ ಹೊಸತು, ನನ್ನ ಹತ್ತಿರ ಫೋನ್ ಇರಲಿಲ್ಲ. ನಾನು ಒಗೆದ ಬಟ್ಟೆ ಮಡಚುತ್ತಿದ್ದೆ, ನೀವು ಮಂಚದ ಮೇಲೆ ಕಾಲು ಚಾಚಿಕೊಂಡು ನಿಮ್ಮ ಫೋನಿನಲ್ಲಿ ನನಗೊಂದು ಅಕೌಂಟ್ ತೆರೆದಿರಿ. ಎಲ್ಲರದ್ದೂ ಇದೆ, ನಿನ್ನದೂ ಒಂದಿರಲಿ ಎಂದಿರಿ. ನೀವು ಪ್ರಶ್ನೆ ಓದುವುದು, ನಾನು ದಿಂಬಿನ ಕವರು ಕೊಡವುತ್ತ ಉತ್ತರ ಹೇಳುವುದು. ಉದ್ಯೋಗ ಎಂಬಲ್ಲಿ ಮಾತ್ರ ನನ್ನನ್ನು ಕೇಳದೆಯೇ ಗೃಹಿಣಿ ಎಂದು ಒತ್ತಿದಿರಿ. ಹಲ್ಲು ಕಟ್ಟುವವಳು ಎಂದು ಹಾಕಿ ಎಂದರೆ, ಅಂಥದ್ದೆಲ್ಲ ಈ ಪಟ್ಟಿಯಲ್ಲಿ ಇಲ್ಲ ಕಣೇ ಎಂದಿರಿ. ನಾಲ್ಕು ಫೋಟೋ ಹಾಕಿದ್ದು ಬಿಟ್ಟರೆ ಆಮೇಲೆ ನಾವಿಬ್ಬರೂ ಅದರ ಕಡೆ ತಿರುಗಿ ನೋಡಲಿಲ್ಲ. ಅದು ಮಾತ್ರ ನಮ್ಮನ್ನು ಬಿಟ್ಟಿಲ್ಲ. ಪ್ರತಿ ವರ್ಷ ಮದುವೆಯ ದಿನ ನೆಂಟರಿಗೆಲ್ಲ ಜ್ಞಾಪಿಸುತ್ತದೆ. ಅವರು ಅಮ್ಮನಿಗೆ ಫೋನ್ ಮಾಡಿ ಮಗಳಿಗೂ ಅಳಿಯನಿಗೂ ಶುಭಾಶಯ ಎನ್ನುತ್ತಾರೆ. ಅಮ್ಮ ಆ ಸಿಟ್ಟನ್ನೆಲ್ಲ ತಂದು ನನ್ನ ಮೇಲೆ ಸುರಿಯುತ್ತಾಳೆ.

ಸರಿ, ಅಳಿಸೋಣ ಎಂದು ಹೊರಟರೆ ಪಾಸ್‌ವರ್ಡ್ ಬೇಕು. ನೀವು ಹಾಕಿದ ಪಾಸ್‌ವರ್ಡ್ ನನಗೇನು ಗೊತ್ತು? ಗೊತ್ತಿಲ್ಲದವರಿಗೆ ಒಂದು ಗುಟ್ಟಿನ ಪ್ರಶ್ನೆ ಕೇಳುತ್ತದೆ: ನಿಮಗೆ ಎಲ್ಲಕ್ಕಿಂತ ಇಷ್ಟವಾದದ್ದು ಯಾವುದು? ನಿದ್ದೆ ಎಂದು ಬರೆದೆ. ಅಲ್ಲವಂತೆ. ಕಾಫಿ, ಜಗಳ, ಕಿಟಕಿ, ಅಮ್ಮ, ಒಂದಾದ ಮೇಲೊಂದು ಹಾಕಿದೆ. ಕೊನೆಗೆ ನಾಚಿಕೆ ಬಿಟ್ಟು ನಿಮ್ಮ ಹೆಸರನ್ನೂ ಹಾಕಿ ನೋಡಿದೆ. ಅದೂ ತಪ್ಪು. ಏನು ಬರೆದಿದ್ದಿರಿ ಮಹಾರಾಯರೇ? ನನಗೆ ಏನು ಇಷ್ಟ ಎಂದು ನನಗೇ ಗೊತ್ತಿಲ್ಲ ಎಂದು ಒಂದು ಯಂತ್ರ ಹೇಳುವುದನ್ನು ಕೇಳಿಕೊಂಡು ಕೂರಬೇಕಾಯಿತು.

ಇನ್ನೊಂದು ದಾರಿ ಇತ್ತು. ಅಕೌಂಟ್ ತೆರೆದ ನಂಬರಿಗೆ ಒಂದು ಒಟಿಪಿ ಕಳಿಸುತ್ತಾರೆ, ಅದನ್ನು ಹಾಕಿದರೆ ಆಯಿತು. ಆ ನಂಬರು ನಿಮ್ಮ ಹಳೆಯದು. ನೀವು ಅದನ್ನು ಬಿಟ್ಟದ್ದನ್ನು ನನಗೆ ಹೇಳಲೂ ಇಲ್ಲ, ಇರಲಿ, ಕೆದಕುವುದಿಲ್ಲ ಎಂದಿದ್ದೇನೆ. ಈಗ ಅದು ಒಬ್ಬ ನಿವೃತ್ತ ಮೇಷ್ಟರ ಕೈಯಲ್ಲಿದೆ. ಫೋನ್ ಮಾಡಿ, ಸರ್, ನಿಮಗೆ ಈಗೊಂದು ಒಟಿಪಿ ಬಂದಿರುತ್ತೆ, ದಯವಿಟ್ಟು ಹೇಳ್ತೀರಾ ಎಂದೆ. ಹೇಳುತ್ತ ಹೇಳುತ್ತಲೇ ನಾಲಿಗೆ ಕಚ್ಚಿಕೊಂಡೆ. ಊರಿನ ಮೋಸಗಾರರೆಲ್ಲ ಇದೇ ಮಾತು ಆಡುತ್ತಾರಲ್ಲ! ಮೇಷ್ಟರು ಬೈಯಲಿಲ್ಲ, ಅದೇ ಕಷ್ಟವಾದದ್ದು. "ದನಿ ಕೇಳಿದ್ರೆ ಮರ್ಯಾದಸ್ಥರ ಮನೆಯವಳ ಥರ ಇದೀಯಲ್ಲಮ್ಮಾ, ನಿನಗ್ಯಾಕೆ ಈ ಕಸುಬು?" ಎಂದರು. ಎರಡನೆಯ ಸಲ ಮಾಡಿದಾಗ ದುಡಿದು ತಿನ್ನುವುದರ ಬಗ್ಗೆ ಒಂದು ಪಾಠವೇ ಮಾಡಿದರು. ಮೂರನೆಯ ಸಲ ಅವರ ಹೆಂಡತಿ ಎತ್ತಿಕೊಂಡು, ನಿನ್ನ ಹಿಂದೆ ಯಾರಾದರೂ ಗಂಡಸರಿದ್ದು ಹೆದರಿಸಿ ಮಾಡಿಸುತ್ತಿದ್ದಾರಾ, ಹಾಗಿದ್ದರೆ ಕೆಮ್ಮಿ ತೋರಿಸು ಎಂದರು. ನನಗೆ ನಿಜವಾಗಿ ಕೆಮ್ಮು ಬಂತು. ಪ್ಲಾಸ್ಟರ್ ಪುಡಿ ಗಂಟಲಿಗೆ ಹೋಗಿತ್ತು. ಆಮೇಲೆ ಆ ಕಡೆ ಫೋನ್ ಮಾಡುವ ಧೈರ್ಯ ಬರಲಿಲ್ಲ.

ಕಂಪನಿಯ ಮನುಷ್ಯರ ಜೊತೆ ಮಾತಾಡೋಣವೆಂದರೆ ಮನುಷ್ಯರೇ ಇಲ್ಲ. ಸಹಾಯಕಿ ಎಂದು ಒಂದು ಯಂತ್ರವಿದೆ. ನಾನು ಏನೇ ಬರೆದರೂ, ನಿಮ್ಮ ಭಾವನೆ ನನಗೆ ಅರ್ಥವಾಗುತ್ತದೆ ಎನ್ನುತ್ತದೆ. ನೀವು ಒಂದು ದಿನವೂ ಹೇಳದ ಮಾತನ್ನು ಅದು ನಿಮಿಷಕ್ಕೊಮ್ಮೆ ಹೇಳುತ್ತದೆ. ನಂಬರು ಕಳೆದುಹೋಗಿದೆ ಎಂದರೆ ಪಾಸ್‌ವರ್ಡ್ ಹಾಕಿ ಎನ್ನುತ್ತದೆ, ಪಾಸ್‌ವರ್ಡ್ ಮರೆತಿದೆ ಎಂದರೆ ನಂಬರಿಗೆ ಒಟಿಪಿ ಕಳಿಸಿದ್ದೇನೆ ಎನ್ನುತ್ತದೆ. ಹೋಗಲಿ ಬಿಡು, ನನಗೆ ಅಕೌಂಟೇ ಬೇಡ, ತೆಗೆದು ಹಾಕು ಎಂದರೆ, ನೀವು ಹೋಗುತ್ತಿರುವುದು ನಮಗೆ ಬೇಸರ ತಂದಿದೆ, ಹೋಗುವ ಮೊದಲು ಒಳಗೆ ಬನ್ನಿ ಎನ್ನುತ್ತದೆ. ಒಳಗೆ ಬರಲು ಪಾಸ್‌ವರ್ಡ್! ತಲೆ ಚಚ್ಚಿಕೊಂಡೆ. ನನ್ನ ಜೊತೆ ಕೆಲಸ ಮಾಡುವ ಹುಡುಗಿ ಪಕ್ಕದಲ್ಲೇ ಇದ್ದಳು. ನೀವು ಹೋದ ಮೇಲೆ ಸೇರಿದವಳು. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಮೇಣದಲ್ಲಿ ವಸಡು ಕೂರಿಸುವುದರಲ್ಲಿ ಪಳಗಿದ ಕೈಯಾದ್ದರಿಂದ ಎಲ್ಲರ ಬಾಯಲ್ಲೂ ಮೇಣದಮ್ಮ. ಅವಳು ಇಣುಕಿ ನೋಡಿ, ಕೆಳಗಡೆ ಇದ್ದ ಒಂದು ಸಾಲನ್ನು ತೋರಿಸಿದಳು. ಅಕೌಂಟಿನ ಒಡೆಯರು ನಿಧನರಾಗಿದ್ದಾರೆ ಎಂದಿತ್ತು.

"ಅಕ್ಕಾ, ಇದನ್ನ ಒತ್ತಿದ್ರೆ ಯಾವ ನಂಬರೂ ಕೇಳಲ್ಲ ನೋಡಿ. ಸತ್ತೋರ ಹತ್ರ ಫೋನ್ ಇರಲ್ಲ ಅಂತ ಅವ್ರಿಗೂ ಗೊತ್ತು" ಎಂದಳು. ಸತ್ತವರ ಅಕೌಂಟ್ ಇಟ್ಟುಕೊಂಡು ಅವರು ಉಪ್ಪಿನಕಾಯಿ ಹಾಕುತ್ತಾರಾ, ಅಳಿಸಿಯೇ ಅಳಿಸುತ್ತಾರೆ ಎಂದು ನನಗೂ ಅನ್ನಿಸಿತು. ಒತ್ತಿದೆ. ಗುರುತಿನವರು ಇಬ್ಬರು ಹೌದು ಎಂದರೆ ಸಾಕಂತೆ. ಒಬ್ಬಳು ಮೇಣದಮ್ಮ. ಇನ್ನೊಬ್ಬಳು ಅಮ್ಮ. ಅಮ್ಮನ ಫೋನಿಗೆ ಏನೇ ಬಂದರೂ ಹೌದು ಎಂದು ಒತ್ತುವುದು ಅವಳ ಅಭ್ಯಾಸ. ಇಲ್ಲ ಎಂದರೆ ಫೋನ್ ಕೆಟ್ಟುಹೋಗುತ್ತದೆ ಎಂದು ಅವಳ ನಂಬಿಕೆ. ನಾನು ವಿವರಿಸಿ ಹೇಳೋಣವೆಂದು ಮನೆಗೆ ಬರುವಷ್ಟರಲ್ಲಿ, ನಿಮ್ಮ ಮಗಳು ತೀರಿಕೊಂಡಿದ್ದು ನಿಜವೇ ಎಂಬುದಕ್ಕೆ ಕನ್ನಡಕವಿಲ್ಲದೆ ಹೌದು ಒತ್ತಿ, ನನಗೆ ಕಾಫಿಗೆ ಇಟ್ಟಿದ್ದಳು.

ಮಾರನೆಯ ದಿನ ನೋಡಿದರೆ ಅಕೌಂಟನ್ನು ಅಳಿಸಿರಲಿಲ್ಲ, ಅಲಂಕರಿಸಿದ್ದರು. ಮದುವೆಯ ಫೋಟೋಗೆ ಬೂದು ಬಣ್ಣದ ಅಂಚು, ಕೆಳಗೆ ಸದಾ ಅಲುಗಾಡುವ ಒಂದು ದೀಪ, ಇವರ ನಗು ನಮ್ಮೊಂದಿಗೆ ಎಂದೆಂದಿಗೂ ಎಂಬ ಸಾಲು. ಸ್ಮರಣಾರ್ಥ ಪುಟವಂತೆ. ನನ್ನ ಹಲ್ಲು ಸ್ವಲ್ಪ ಸೊಟ್ಟ ಎಂದು ನೀವು ಆಡಿಕೊಳ್ಳುತ್ತಿದ್ದ ಆ ನಗು ಈಗ ಎಂದೆಂದಿಗೂ.

ನಿಜ ಹೇಳುತ್ತೇನೆ, ಮೊದಲ ದಿನ ನಾನೂ ಮೇಣದಮ್ಮನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಯಾರು ಯಾರು ಏನೇನು ಬರೆದಿದ್ದಾರೆ ನೋಡಬೇಕು ನೀವು! ಮಾತು ಬಿಟ್ಟು ಮುಖ ತಿರುಗಿಸಿಕೊಂಡಿದ್ದ ಚಿಕ್ಕಪ್ಪನ ಮಗಳು, ನಾವಿಬ್ಬರೂ ಎರಡು ದೇಹ ಒಂದು ಜೀವ ಎಂದು ಬರೆದಿದ್ದಾಳೆ. ಯಾವನೋ ಶಾಲೆಯ ಸಹಪಾಠಿ ನಾನು ತುಂಬಾ ಮಿತಭಾಷಿ ಎಂದಿದ್ದಾನೆ. ಅದನ್ನು ಓದಿದರೆ ನೀವು ಕುರ್ಚಿಯಿಂದ ಬೀಳುತ್ತೀರಿ. ಮಾತು ಕೊಟ್ಟ ದಂತವೈದ್ಯರಲ್ಲಿ ಹಿರಿಯರು ಗಾಬರಿಯಿಂದ ಲ್ಯಾಬಿಗೆ ಫೋನ್ ಮಾಡಿದರು. ನಾನೇ ಎತ್ತಿದೆ. ಪಾಪ, ಎಷ್ಟು ಒಳ್ಳೆಯ ಹೆಣ್ಣುಮಗಳು, ಅಂದ ಹಾಗೆ ನಮ್ಮ ಪೇಷಂಟಿನ ಕೆಳಗಿನ ಸೆಟ್ ಮುಗಿಸಿಯೇ ಹೋದರಾ ಎಂದು ಕೇಳಿದರು. ಮುಗಿಸಿದ್ದೇನೆ ಸರ್ ಎಂದೆ.

ಅಮ್ಮನಿಗೆ ವಿಷಯ ತಿಳಿದಾಗ ಬಾಯಿ ಬಡಿದುಕೊಂಡಳು. ತಾನೇ ತಪ್ಪು ಸರಿಪಡಿಸುತ್ತೇನೆಂದು ಪುಟದ ಕೆಳಗೆ ತನ್ನ ಅಕೌಂಟಿನಿಂದ ಬರೆದಳು: ನನ್ನ ಮಗಳು ಸತ್ತಿಲ್ಲ, ಚೆನ್ನಾಗಿದ್ದಾಳೆ, ಈಗ ತಾನೇ ಊಟ ಮಾಡಿ ಮಲಗಿದ್ದಾಳೆ. ಅದಕ್ಕೆ ಬಂದ ಉತ್ತರಗಳನ್ನು ಓದಿ ನನ್ನ ನಗು ಅರ್ಧಕ್ಕೇ ನಿಂತಿತು. ಹೆತ್ತ ಕರುಳು, ಒಪ್ಪಿಕೊಳ್ಳುತ್ತಾ ಹೇಳಿ ಎಂದು ಒಬ್ಬರು. ಯಾರಾದರೂ ಅವರ ಜೊತೆ ಇರಿ, ಒಬ್ಬರನ್ನೇ ಬಿಡಬೇಡಿ ಎಂದು ಇನ್ನೊಬ್ಬರು. ಅಮ್ಮ ಸಿಟ್ಟಿನಿಂದ, ನಿಮ್ಮ ಮನೆ ಹಾಳಾಗ, ಅವಳು ಇಲ್ಲೇ ಗೊರಕೆ ಹೊಡೀತಿದ್ದಾಳೆ ಎಂದು ಬರೆದಳು. ಅದಕ್ಕೂ ಕಣ್ಣೀರಿನ ಗುರುತು ಹಾಕಿದರು. ಅಮ್ಮ ಹೇಳಿದಷ್ಟೂ ನಾನು ಇನ್ನಷ್ಟು ಸಾಯುತ್ತಿದ್ದೆ. ಸಾಕು ಸುಮ್ಮನಿರಮ್ಮಾ ಎಂದು ಫೋನ್ ಕಿತ್ತುಕೊಂಡೆ.

ಆಮೇಲೆ ಹೊಸ ಅಕೌಂಟ್ ತೆರೆಯಲು ಮತ್ತೆ ಮುಖ ತೋರಿಸಿದೆ. ಈ ಮುಖ ಸ್ಮರಣಾರ್ಥ ಪುಟವೊಂದಕ್ಕೆ ಸೇರಿದೆ, ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು ಎಂದಿತು. ನನ್ನ ಸಾವಿಗೆ ನನಗೇ ಸಾಂತ್ವನ! ಕೂದಲು ಕಟ್ಟಿ ತೋರಿಸಿದೆ, ಬಿಚ್ಚಿ ತೋರಿಸಿದೆ, ಕನ್ನಡಕ ಹಾಕಿ ತೋರಿಸಿದೆ. ಸತ್ತವರ ಮುಖ ಬಳಸುವುದು ಅಪರಾಧ ಎಂದು ಎಚ್ಚರಿಸಿ, ಬಾಗಿಲು ಮುಚ್ಚಿಕೊಂಡಿತು. ಬೇರೆ ಯಾರದ್ದಾದರೂ ಹೆಸರಿನಲ್ಲಿ ತೆರೆಯೋಣ ಎಂದಳು ಮೇಣದಮ್ಮ. ಮತ್ತೆ ಇನ್ನೊಬ್ಬರ ಹೆಸರಿನ ಡಬ್ಬಿಯಲ್ಲಿ ನನ್ನ ಹಲ್ಲು ಹೋಗುವುದಾದರೆ ನಾನು ಲ್ಯಾಬ್ ಬಿಡುವುದಾದರೂ ಏಕೆ?

ಈಗ ನನ್ನ ಸ್ಥಿತಿ ಕೇಳಿ. ಲ್ಯಾಬಿನಲ್ಲಿ ನನ್ನ ಜಾಗಕ್ಕೆ ಬೇರೆಯವರು ಗೊತ್ತಾಗಿದ್ದಾರೆ, ಮುಂದಿನ ತಿಂಗಳಿನಿಂದ ನನ್ನ ಸ್ಟೂಲಿನ ಮೇಲೆ ಅವರು ಕೂರುತ್ತಾರೆ. ಎತ್ತರ ಕಡಿಮೆ ಮಾಡಿಸಿಯೂ ಆಗಿದೆ. ಹಿರಿಯ ವೈದ್ಯರು ಕಾಯುತ್ತೇನೆ ಎಂದರು, ಕಿರಿಯರು ನಮಗೆ ಕಾಯಲು ಆಗುವುದಿಲ್ಲ ಎಂದು ಬೇರೆ ಕಡೆ ಹೋದರು. ಸಂಜೆ ಆ ಮೇಲಿನ ಕೋಣೆಗೆ ಹೋಗುತ್ತೇನೆ. ಎಲ್ಲ ಹೊಸದು, ಎಲ್ಲ ಒರೆಸಿ ಇಟ್ಟದ್ದು, ಮಾಡಲು ಒಂದು ಹಲ್ಲೂ ಇಲ್ಲ. ಪಾಲಿಶ್ ಯಂತ್ರವನ್ನು ಸುಮ್ಮನೆ ಓಡಿಸಿ ನಿಲ್ಲಿಸುತ್ತೇನೆ. ಹಿಂದಕ್ಕೆ ಹೋಗುವ ಹಾಗಿಲ್ಲ, ಮುಂದಕ್ಕೆ ಬಿಡುವುದಿಲ್ಲ. ನನಗೆ ಭಯವಾಗಿದೆ. ಇದನ್ನು ಅಮ್ಮನಿಗೆ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಸಹಾಯಕಿಯ ಹತ್ತಿರ ಹೋಗಿ, ಈ ಸ್ಮರಣಾರ್ಥ ಪುಟವನ್ನು ಹೇಗೆ ತೆಗೆಸುವುದು ಎಂದು ಕೇಳಿದೆ. ಅದಕ್ಕೆ ಮಾತ್ರ ನೇರವಾದ ಉತ್ತರ ಕೊಟ್ಟಿತು. ತೀರಿಕೊಂಡವರು ಮೊದಲೇ ಸೂಚಿಸಿದ ವಾರಸುದಾರರು ಮಾತ್ರ ತೆಗೆಯಬಹುದು, ಅದೂ ಈ ತಿಂಗಳ ಕೊನೆಯೊಳಗೆ. ಆಮೇಲೆ ಪುಟ ಶಾಶ್ವತ. ವಾರಸುದಾರರು ಯಾರೆಂದರೆ ನೀವು. ಆ ದಿನ ಬಟ್ಟೆ ಮಡಚುವಾಗ ನೀವು ಕೊನೆಯ ಪ್ರಶ್ನೆ ಓದಿದಿರಿ: ನಿಮ್ಮ ನಂತರ ಇದು ಯಾರ ಕೈಗೆ? ನಾವಿಬ್ಬರೂ ನಕ್ಕೆವು. ಇನ್ಯಾರಿಗೆ, ನಿಮಗೇ ಎಂದೆ. ಹುಷಾರು, ಆಮೇಲೆ ವಾಪಸ್ ಕೇಳಬಾರದು ಎಂದಿರಿ. ಈಗ ಕೇಳುತ್ತಿದ್ದೇನೆ.

ನಿಮ್ಮನ್ನು ಹಿಡಿಯುವುದು ಹೇಗೆ? ನನ್ನ ಈಗಿನ ನಂಬರು ನಿಮಗೆ ಗೊತ್ತಿಲ್ಲ, ನಿಮ್ಮದು ನನಗೆ ಗೊತ್ತಿಲ್ಲ, ಅಮ್ಮನ ಅಕೌಂಟಿನಿಂದ ಬರೆದರೆ ನೀವೂ ಹೆತ್ತ ಕರುಳು ಎಂದುಕೊಳ್ಳುತ್ತೀರಿ. ನನ್ನ ಚಳಿಗಾಲದ ಬಟ್ಟೆಗಳನ್ನು ನೀವು ಪಾರ್ಸೆಲ್ ಮಾಡಿದಾಗ ಅದರ ಮೇಲೆ ನಿಮ್ಮ ಲಿಫ್ಟ್ ಕಂಪನಿಯ ವಿಳಾಸವೂ ಒಂದು ನಂಬರೂ ಇದ್ದವು. ಆ ನಂಬರಿಗೆ ಮಾಡಿದೆ. ಎತ್ತಿದವನು ನನ್ನ ಹೆಸರನ್ನೂ ಕೇಳದೆ, "ಯಾವ ಬಿಲ್ಡಿಂಗು, ಎಷ್ಟನೇ ಮಹಡೀಲಿ ಸಿಕ್ಕಾಕ್ಕೊಂಡಿದೀರಾ ಮೇಡಂ?" ಎಂದ. ನಾನು ಲಿಫ್ಟಿನಲ್ಲಿ ಇಲ್ಲಪ್ಪಾ, ನಿಮ್ಮ ಮೆಕ್ಯಾನಿಕ್ ಒಬ್ಬರ ಜೊತೆ ಮಾತಾಡಬೇಕು ಎಂದೆ. "ಸಿಕ್ಕಾಕ್ಕೊಂಡೋರಿಗೆ ಮಾತ್ರ ಈ ನಂಬರು" ಎಂದು ಇಟ್ಟುಬಿಟ್ಟ. ಸಿಕ್ಕಿಹಾಕಿಕೊಂಡಿದ್ದೇನೆ ಎಂದೇ ಹೇಳಬೇಕಿತ್ತು, ಸುಳ್ಳೇನಾಗುತ್ತಿರಲಿಲ್ಲ. ಕೊನೆಗೆ ಉಳಿದದ್ದು ಆ ವಿಳಾಸ, ಈ ಕಾಗದ.

ಇಷ್ಟೇ ಬರೆದು ನಿಲ್ಲಿಸಬೇಕಿತ್ತು. ಇನ್ನೊಂದು ವಿಷಯ ಬರೆಯದೆ ಇರಲು ಆಗುತ್ತಿಲ್ಲ.

ಅಮ್ಮನ ಫೋನಿನಿಂದ ನಾನು ಆ ಪುಟವನ್ನು ದಿನವೂ ನೋಡುತ್ತೇನೆ. ಕಿರಿಕಿರಿ ಎಂದು ಮೇಣದಮ್ಮನ ಮುಂದೆ ಬೈದುಕೊಳ್ಳುತ್ತೇನೆ, ಆದರೂ ನೋಡುತ್ತೇನೆ. ಯಾರು ಏನು ಬರೆದಿದ್ದಾರೆ ಎಂದು ನೋಡಲಿಕ್ಕಲ್ಲ. ನೀವು ಬರೆದಿದ್ದೀರಾ ಎಂದು. ನೀವು ಏನೂ ಬರೆಯಲಿಲ್ಲ. ಮೊದಲ ದಿನ ಇಲ್ಲ, ಎರಡನೆಯ ದಿನ ಇಲ್ಲ. ಪುಟ ನೋಡಿಲ್ಲದಿರಬಹುದು ಎಂದುಕೊಂಡೆ. ಒಂದು ಬೆಳಿಗ್ಗೆ ನೋಡಿದರೆ ಮದುವೆಯ ಫೋಟೋ ಇರಲಿಲ್ಲ. ಅದರ ಜಾಗದಲ್ಲಿ ನಾನೊಬ್ಬಳೇ ಇರುವ ಫೋಟೋ. ಲ್ಯಾಬಿನಲ್ಲಿ ನನ್ನ ಮೇಜಿನ ಮುಂದೆ, ಹಣೆಯ ಮೇಲೆ ಪ್ಲಾಸ್ಟರ್, ಕೈಯಲ್ಲಿ ಯಾರದ್ದೋ ಮೇಲಿನ ದವಡೆ, ಬಾಯಿ ತೆರೆದು ಯಾರಿಗೋ ಏನೋ ಹೇಳುತ್ತಿದ್ದೇನೆ. ಅದನ್ನು ಯಾವಾಗ ತೆಗೆದಿರಿ? ನಾನು ನೋಡಿಯೇ ಇರಲಿಲ್ಲ. ಊಟದ ಡಬ್ಬಿ ಕೊಡಲು ಬಂದ ದಿನ ಬಾಗಿಲಲ್ಲಿ ನಿಂತು ತೆಗೆದಿರಬೇಕು. ಫೋಟೋ ಬದಲಿಸುವ ಅಧಿಕಾರ ವಾರಸುದಾರರಿಗೆ ಮಾತ್ರ ಇದೆ. ಹಾಗಾದರೆ ನಿಮಗೆ ಗೊತ್ತು. ನಂಬಿದ್ದೀರಿ.

ಕೆಳಗೆ ಇಳಿದು ನೋಡಿದೆ. ಉದ್ಯೋಗ ಎಂಬಲ್ಲಿ ಗೃಹಿಣಿ ಇರಲಿಲ್ಲ. ಹಲ್ಲು ಕಟ್ಟುವವರು ಎಂದಿತ್ತು.

ಅದನ್ನು ನೋಡಿ ಅತ್ತುಬಿಟ್ಟೆ. ಆಮೇಲೆ ಸಿಟ್ಟು ಬಂತು. ನೀವು ಹೊರಟ ದಿನ ನಾವು ಆಡಿದ್ದು ಎರಡೇ ಮಾತು. ಬೇರೆ ಊರಿನ ಕೆಲಸಕ್ಕೆ ನಿಮಗೆ ಕರೆ ಬಂದಿತ್ತು. ಬಾ, ಹಲ್ಲು ಎಲ್ಲಾ ಊರಲ್ಲೂ ಇರುತ್ತೆ ಎಂದಿರಿ. ಲಿಫ್ಟೂ ಎಲ್ಲಾ ಊರಲ್ಲೂ ಇರುತ್ತೆ, ನೀವೇ ಇರಿ ಎಂದೆ. ಅಲ್ಲಿಂದ ಇಲ್ಲಿಯವರೆಗೆ ನೀವು ಬರಲಿ ಎಂದು ನಾನು, ನಾನು ಬರಲಿ ಎಂದು ನೀವು. ಇಬ್ಬರೂ ಮಹಡಿಗಳ ನಡುವೆ ನಿಂತುಬಿಟ್ಟೆವು. ನನ್ನ ಕಸುಬನ್ನು ಒಂದು ಕಸುಬು ಎಂದು ಬರೆಯಲು ನಾನು ಸಾಯಬೇಕಾಯಿತೇ? ಪಟ್ಟಿಯಲ್ಲಿ ಇಲ್ಲ ಎಂದಿದ್ದಿರಲ್ಲ, ಈಗ ಎಲ್ಲಿಂದ ಬಂತು?

ಅದಕ್ಕಿಂತ ಹೆಚ್ಚಾಗಿ ಹೊಟ್ಟೆ ಉರಿಸಿದ್ದು ಇನ್ನೊಂದು. ಹೆಂಡತಿ ಸತ್ತಳು ಎಂದು ಒಂದು ಕಂಪನಿ ಹೇಳುತ್ತದೆ, ನೀವು ನಂಬುತ್ತೀರಿ, ಒಳ್ಳೆಯ ಫೋಟೋ ಹುಡುಕಿ ಹಾಕುತ್ತೀರಿ. ಹೇಗೆ ಸತ್ತಳು, ಏನಾಗಿತ್ತು, ಯಾರಿದ್ದರು ಜೊತೆಗೆ ಎಂದು ಕೇಳಲು ಒಂದು ಫೋನ್ ಮಾಡಲು ಆಗಲಿಲ್ಲವೇ? ಮಾಡಿದರೆ ಬೆರಳು ಸವೆಯುತ್ತಿತ್ತೇ? ಲ್ಯಾಬಿನ ನಂಬರು ಅಂದಿನಿಂದ ಬದಲಾಗಿಲ್ಲ, ನಿಮಗೆ ಬಾಯಿಪಾಠ. ಯಾರೋ ಲಿಫ್ಟಿನಲ್ಲಿ ಸಿಕ್ಕಿಕೊಂಡರೆ ಅನ್ನ ಬಿಟ್ಟು ಓಡುವ ಮನುಷ್ಯ ನೀವು. ನನಗೋಸ್ಕರ ಒಂದು ಸಲ ರಿಂಗ್ ಮಾಡಲಿಲ್ಲ. ಇದನ್ನು ನಾನು ಮರೆಯುವುದಿಲ್ಲ, ಬರೆದಿಟ್ಟುಕೊಳ್ಳಿ.

ನೋಡಿ, ಕೆದಕುವುದಿಲ್ಲ ಎಂದು ಹೇಳಿ ಎಲ್ಲ ಕೆದಕಿದೆ. ಕೆಲಸದ ಮಾತಿಗೆ ಬರುತ್ತೇನೆ. ಪುಟ ತೆರೆಯಿರಿ, ಬಲಗಡೆ ಮೇಲೆ ಮೂರು ಚುಕ್ಕಿಗಳಿವೆ, ಅದನ್ನು ಒತ್ತಿದರೆ ಉಳಿಸಿ, ಅಳಿಸಿ ಎಂದು ಎರಡು ಬರುತ್ತವೆ. ಅಳಿಸಿ ಎಂಬುದನ್ನು ಒತ್ತಿ. ಖಂಡಿತವಾಗಿಯೂ ಅಳಿಸಬೇಕೇ, ಅವರ ನೆನಪುಗಳೆಲ್ಲ ಹೋಗುತ್ತವೆ ಎಂದು ಗೋಳು ಹೊಯ್ದುಕೊಳ್ಳುತ್ತದೆ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಒತ್ತಿ. ಮೂರು ಸಲ ಕೇಳುತ್ತದಂತೆ, ಮೂರು ಸಲವೂ ಒತ್ತಿ. ನಾನು ಬದುಕಬೇಕು. ಆ ಕೋಣೆಯ ಬಾಗಿಲಿಗೆ ನನ್ನ ಹೆಸರಿನ ಫಲಕ ಬರೆಸಿ ಇಟ್ಟಿದ್ದೇನೆ, ಇನ್ನೂ ನೇತುಹಾಕಿಲ್ಲ.

ಆರೋಗ್ಯ ನೋಡಿಕೊಳ್ಳಿ. ಬೆಲ್ಟ್ ಕಟ್ಟಿಕೊಳ್ಳದೆ ಲಿಫ್ಟಿನ ಗುಂಡಿಗೆ ಇಳಿಯಬೇಡಿ.

ಇನ್ನೂ ಇರುವ,
ನಿಮ್ಮ ಹೆಂಡತಿ

ತಾ. ಕ.: ಸೋಮವಾರ ಬೆಳಿಗ್ಗೆ, ಲ್ಯಾಬಿನಲ್ಲಿ. ಲಕೋಟೆ ಅಂಟಿಸುವ ಮೊದಲು ಮೇಣದಮ್ಮನ ಮುಂದೆ ನಿಮ್ಮನ್ನು ಬೈಯುತ್ತಿದ್ದೆ, ಒಂದು ಫೋನೂ ಮಾಡಲಿಲ್ಲ ನೋಡು ಎಂದು. ಅವಳು ಕೈಯಲ್ಲಿದ್ದ ಕೆಲಸ ಕೆಳಗಿಟ್ಟು ಅಳಲು ಶುರು ಮಾಡಿದಳು. ಕಂಪನಿಯವರು ಪರೀಕ್ಷಿಸಲು ಲ್ಯಾಬಿಗೆ ಫೋನ್ ಮಾಡಿದರೂ ಮಾಡಬಹುದು, ಮಾಡಿದರೆ ಹೌದು ತೀರಿಕೊಂಡರು ಎಂದು ಗಟ್ಟಿಯಾಗಿ ಹೇಳು ಎಂದು ಆ ದಿನ ನಾನೇ ಅವಳಿಗೆ ಹೇಳಿಕೊಟ್ಟಿದ್ದೆ. ನಾನು ಅಚ್ಚು ತರಲು ಹೊರಗೆ ಹೋಗಿದ್ದಾಗ ಯಾರೋ ಗಂಡಸರು ಫೋನ್ ಮಾಡಿ ನನ್ನನ್ನು ಕೇಳಿದರಂತೆ. ಅವಳು ಹೇಳಿಕೊಟ್ಟ ಹಾಗೆಯೇ ಹೇಳಿದಳಂತೆ. ಆ ಕಡೆ ಬಹಳ ಹೊತ್ತು ಸದ್ದೇ ಇಲ್ಲ. ಕಂಪನಿಯವರು ಬರೆದುಕೊಳ್ಳುತ್ತಿರಬೇಕು ಎಂದುಕೊಂಡಳಂತೆ. ಆಮೇಲೆ ಅವರು, "ತುಂಬಾ ಕಷ್ಟಪಟ್ಲಾ?" ಎಂದು ಕೇಳಿದರಂತೆ. ಕಂಪನಿಯವರು ಇದನ್ನೂ ಕೇಳುತ್ತಾರಾ ಎಂದು ಅವಳಿಗೆ ಆಶ್ಚರ್ಯವಾಯಿತಂತೆ, ನನಗೆ ಹೇಳುವುದನ್ನು ಮರೆತಳಂತೆ. ಫೋಟೋ ಬದಲಾದದ್ದು ಅದರ ಮಾರನೆಯ ದಿನ.

ಗುಂಡಿ ಆಮೇಲೆ ಒತ್ತಿದರಾಯಿತು. ಮೊದಲು ಲ್ಯಾಬಿಗೆ ಫೋನ್ ಮಾಡಿ, ನಾನೇ ಎತ್ತುತ್ತೇನೆ. ನೀವು ಕೇಳಿದ್ದಕ್ಕೆ ಮೇಣದಮ್ಮ, ಇಲ್ಲ, ಏನೂ ಕಷ್ಟಪಡಲಿಲ್ಲ, ನಗುನಗ್ತಾನೇ ಇದ್ರು ಎಂದಳಂತೆ. ಅವಳಿಗೇನು ಗೊತ್ತು. ಕಷ್ಟಪಟ್ಟೆ ಕಣ್ರೀ.